ಮೈಸೂರಿನ ಗಾಡಿಗಳು ವರ್ಷಕ್ಕೆ ಎಷ್ಟು ಓಡುತ್ತವೆ? ಮಹಾನಗರ ಪಾಲಿಕೆಗೆ ಒಂದು ಬಹಿರಂಗ ಪತ್ರ

ಮೈಸೂರು ಮಹಾನಗರ ಪಾಲಿಕೆಯ ಆಯುಕ್ತರಿಗೆ, ಮುಂದೆ ಆರಿಸಿ ಬರುವ ಪಾಲಿಕೆ ಸದಸ್ಯರಿಗೆ, ಮತ್ತು ದಿನಾ ಬೆಳಗ್ಗೆ ಗಾಡಿ ತೆಗೆಯುವ ನಮ್ಮ ಊರಿನವರಿಗೆ,

ನಮಸ್ಕಾರ. ನಾನು ಮೈಸೂರಿನ ನಿವಾಸಿ. ಸಾರಿಗೆ ಸಮೀಕ್ಷೆಗಳ ಅಂಕಿಅಂಶ ಲೆಕ್ಕ ಹಾಕುವುದು ನನ್ನ ಕಸುಬು. ಈ ಪತ್ರದಲ್ಲಿ ಕೇಳುತ್ತಿರುವುದು ಒಂದೇ ವಿಷಯ. ನಮ್ಮ ಊರಿನ ಸ್ಕೂಟರ್, ಬೈಕ್, ಕಾರುಗಳು ವರ್ಷಕ್ಕೆ ಒಟ್ಟು ಎಷ್ಟು ಕಿಲೋಮೀಟರ್ ಓಡುತ್ತವೆ ಎಂದು ಪಾಲಿಕೆ ಅಳೆಯಬೇಕು. ಅಳೆದಿದ್ದನ್ನು ಪ್ರತಿ ವರ್ಷ ಜನರ ಮುಂದೆ ಇಡಬೇಕು. ಗಾಡಿ ಹೊಗೆ, ಅಂದರೆ ಗಾಡಿಯಿಂದಾಗಿ ಗಾಳಿ ಸೇರುವ ಕಾರ್ಬನ್ ಡೈಆಕ್ಸೈಡ್, ಕಡಿಮೆ ಮಾಡುವ ಎಲ್ಲ ಮಾತೂ ಆ ಸಂಖ್ಯೆಯಿಂದ ಶುರುವಾಗಬೇಕು.

ಸದ್ಯಕ್ಕೆ ನಮ್ಮ ಕೈಲಿರುವುದು ಗಾಡಿಗಳ ನೋಂದಣಿ ಲೆಕ್ಕ. ಕೆಎ-09, ಕೆಎ-55 ಎಂದು ಎರಡು ಆರ್‌ಟಿಒ ಕಚೇರಿಗಳು ಮೈಸೂರಿಗಿವೆ. ಪ್ರತಿ ವರ್ಷ ಹೊಸದಾಗಿ ಎಷ್ಟು ಗಾಡಿ ಬಂದವು ಎಂದು ಅಲ್ಲಿ ಹೇಳುತ್ತಾರೆ. ಪತ್ರಿಕೆಗಳು ಅದನ್ನೇ ಬರೆಯುತ್ತವೆ. ಆದರೆ ಈ ಲೆಕ್ಕದಲ್ಲಿ ಒಂದು ದೊಡ್ಡ ತೊಡಕಿದೆ. ಕರ್ನಾಟಕದಲ್ಲಿ ಸ್ವಂತ ಗಾಡಿಗೆ ಲೈಫ್‌ಟೈಮ್ ಟ್ಯಾಕ್ಸ್ ಒಂದೇ ಸಲ ಕಟ್ಟುತ್ತೇವೆ. ನೋಂದಣಿ 15 ವರ್ಷ ನಡೆಯುತ್ತದೆ. ಮಾಲೀಕರು ಬದಲಾಗದಿದ್ದರೆ, ಮಧ್ಯದಲ್ಲಿ ಆರ್‌ಟಿಒ ಮೆಟ್ಟಿಲು ಹತ್ತುವ ಅಗತ್ಯವೇ ಬಹಳ ಜನಕ್ಕೆ ಬರುವುದಿಲ್ಲ. ಸ್ಕೂಟರ್ ಗುಜರಿಗೆ ಹೋದರೂ ಪುಸ್ತಕದಲ್ಲಿ ಅದು ಓಡುತ್ತಲೇ ಇರುತ್ತದೆ. ಬೆಂಗಳೂರಿನಲ್ಲಿ ಕೆಲಸ ಮಾಡುವ ಹುಡುಗನ ಬೈಕ್ ಕೆಎ-09 ಅಂತಲೇ ಇರುತ್ತದೆ. ಇಲ್ಲೇ ಮನೆ ಕಟ್ಟಿಕೊಂಡವರ ಕಾರು ಇನ್ನೂ ಬೆಂಗಳೂರಿನ ಕೆಎ-03 ಅಂತ ಇರುತ್ತದೆ. ಸುತ್ತಲಿನ ಹಳ್ಳಿಗಳ ಗಾಡಿಗಳೂ ಮೈಸೂರಿನ ನಂಬರಿನಲ್ಲೇ ಬರುತ್ತವೆ.

ನೋಂದಣಿ ಲೆಕ್ಕ ಪಕ್ಕಾ ಇದೆ ಅಂತಲೇ ಇಟ್ಟುಕೊಳ್ಳೋಣ. ಆಗಲೂ ಅದು ಹೊಗೆಯ ಲೆಕ್ಕ ಆಗುವುದಿಲ್ಲ. ಒಂದೇ ರಸ್ತೆಯ ಎರಡು ಮನೆ ತೆಗೆದುಕೊಳ್ಳಿ. ಒಬ್ಬರು ರಿಟೈರ್ ಆದವರು, ಕಾರನ್ನು ಭಾನುವಾರ ಚಾಮುಂಡಿ ಬೆಟ್ಟಕ್ಕೋ ನೆಂಟರ ಮನೆಗೋ ತೆಗೆಯುತ್ತಾರೆ. ಪಕ್ಕದ ಮನೆಯವರು ದಟ್ಟಗಳ್ಳಿಯಿಂದ ಹೆಬ್ಬಾಳದ ಕಂಪನಿಗೆ ದಿನಾ ಒಬ್ಬರೇ ಕಾರಿನಲ್ಲಿ ಹೋಗಿ ಬರುತ್ತಾರೆ. ಆರ್‌ಟಿಒ ಪುಸ್ತಕದಲ್ಲಿ ಎರಡೂ ಒಂದೊಂದು ಕಾರು. ಗಾಳಿಗೆ ಸೇರುವ ಇಂಗಾಲದಲ್ಲಿ ಮೂರು ನಾಲ್ಕು ಪಟ್ಟು ವ್ಯತ್ಯಾಸ.

ಲೆಕ್ಕ ಕಷ್ಟದ್ದಲ್ಲ. ಒಂದು ಲೀಟರ್ ಪೆಟ್ರೋಲ್ ಸುಟ್ಟರೆ ಸುಮಾರು 2.3 ಕೆಜಿ ಕಾರ್ಬನ್ ಡೈಆಕ್ಸೈಡ್ ಬರುತ್ತದೆ. ಡೀಸೆಲ್ ಆದರೆ ಸುಮಾರು 2.7 ಕೆಜಿ. ಒಂದು ಲೀಟರ್ ಪೆಟ್ರೋಲಿನ ತೂಕವೇ ಮುಕ್ಕಾಲು ಕೆಜಿ ಇರುವಾಗ 2.3 ಕೆಜಿ ಎಲ್ಲಿಂದ ಬಂತು ಎಂದು ಕೆಲವರು ಕೇಳುತ್ತಾರೆ. ಉರಿಯುವಾಗ ಅದು ಗಾಳಿಯ ಆಮ್ಲಜನಕವನ್ನು ಸೇರಿಸಿಕೊಳ್ಳುತ್ತದೆ. ಜಾಸ್ತಿ ತೂಕ ಅದರದ್ದೇ. ಊರಿನೊಳಗೆ ಲೀಟರಿಗೆ 14 ಕಿ.ಮೀ. ಕೊಡುವ ಕಾರು ದಿನಕ್ಕೆ 20 ಕಿ.ಮೀ. ಹಾಗೆ ವರ್ಷಕ್ಕೆ 300 ದಿನ ಓಡಿದರೆ ಹತ್ತಿರ ಹತ್ತಿರ ಒಂದು ಟನ್ ಕಾರ್ಬನ್ ಡೈಆಕ್ಸೈಡ್ ಆಯಿತು. ಲೀಟರಿಗೆ 45 ಕೊಡುವ ಸ್ಕೂಟರ್ ಅಷ್ಟೇ ಓಡಿದರೆ ಸುಮಾರು 300 ಕೆಜಿ. ಅಂದರೆ ನಮಗೆ ಬೇಕಾಗಿರುವುದು ಮೂರು ವಿಷಯ: ಗಾಡಿ ಯಾವುದು, ಎಣ್ಣೆ ಯಾವುದು, ವರ್ಷಕ್ಕೆ ಎಷ್ಟು ಓಡಿತು. ಮೊದಲ ಎರಡು ಸರ್ಕಾರಕ್ಕೆ ಗೊತ್ತಿದೆ. ಮೂರನೆಯದು ಗಾಡಿಯ ಮೀಟರಿನಲ್ಲೇ ಕಾಣುತ್ತದೆ. ಅದನ್ನು ಬರೆದುಕೊಂಡು ಊರಿನ ಲೆಕ್ಕ ಮಾಡುವವರು ಮಾತ್ರ ಇಲ್ಲ.

ಈಗ ಬಂಕಿನಲ್ಲಿ ಸಿಗುವುದು 20% ಎಥನಾಲ್ ಬೆರೆಸಿದ ಪೆಟ್ರೋಲ್. ಇಂಗಾಲದ ಲೆಕ್ಕದ ನಿಯಮದ ಪ್ರಕಾರ ಕಬ್ಬು, ಮೆಕ್ಕೆಜೋಳದಿಂದ ಬಂದ ಆ ಭಾಗವನ್ನು ಬೇರೆ ಕಾಲಮ್ಮಿನಲ್ಲಿ ತೋರಿಸಬೇಕು. ಮೇಲೆ ಹೇಳಿದ್ದು ಬರೀ ಪೆಟ್ರೋಲಿನ ಲೆಕ್ಕ. ಪಾಲಿಕೆಯ ವರದಿಯಲ್ಲಿ ಇವೆರಡನ್ನೂ ಬಿಡಿಸಿ ತೋರಿಸಿದರೆ ಆಮೇಲೆ ಯಾರೂ ಅದರ ಮೇಲೆ ಬೆರಳು ಇಡುವುದಿಲ್ಲ.

ಬಸ್ಸಿನ ವಿಷಯ ಬೇರೆಯೇ. ಕೆಎಸ್‌ಆರ್‌ಟಿಸಿ ಡಿಪೋದಲ್ಲಿ ವಿಚಾರಿಸಿ ನೋಡಿ. ಯಾವ ಬಸ್ ಇವತ್ತು ಎಷ್ಟು ಓಡಿತು, ಎಷ್ಟು ಲೀಟರ್ ಡೀಸೆಲ್ ಹಾಕಿಸಿತು, ಯಾವ ಚಾಲಕರ ಕೆಎಂಪಿಎಲ್ (ಲೀಟರಿಗೆ ಓಡಿದ ಕಿ.ಮೀ.) ಎಷ್ಟು, ಎಲ್ಲ ದಾಖಲೆ ಇರುತ್ತದೆ. ಲೀಟರಿಗೆ ಕಾಲು ಕಿಲೋಮೀಟರ್ ಕಡಿಮೆ ಬಂದರೂ ಅಲ್ಲಿ ಪ್ರಶ್ನೆ ಏಳುತ್ತದೆ. ಮೈಸೂರಿನ ಸಿಟಿ ಬಸ್ಸುಗಳಿಗೆ 2012ರಲ್ಲೇ 'ಮಿತ್ರ' ಯೋಜನೆಯಲ್ಲಿ ಜಿಪಿಎಸ್ ಹಾಕಿದರು. ಬಸ್ ಎಲ್ಲಿದೆ, ಎಷ್ಟು ಹೊತ್ತಿಗೆ ಬರುತ್ತದೆ ಎಂದು ನಿಲ್ದಾಣದ ಬೋರ್ಡಿನಲ್ಲಿ ಬರುವಂತೆ ಮಾಡಿದರು. ದೇಶದಲ್ಲಿ ಈ ಕೆಲಸ ಮೊದಲು ಮಾಡಿದ ಊರುಗಳಲ್ಲಿ ನಮ್ಮದೂ ಒಂದು. ತಲೆಗೆ ಲೆಕ್ಕ ಹಾಕಿದರೆ ಅತಿ ಕಡಿಮೆ ಹೊಗೆ ಬಿಡುವುದು ತುಂಬಿದ ಬಸ್. ಅದರ ಲೆಕ್ಕ ಲೀಟರಿನವರೆಗೆ ಇದೆ. ಜಾಸ್ತಿ ಹೊಗೆ ಬಿಡುವ ಸ್ವಂತ ಗಾಡಿಗಳ ಲೆಕ್ಕವೇ ಇಲ್ಲ. ಇದು ನನಗೆ ಬಹಳ ದಿನದಿಂದ ಬೇಸರ ತಂದಿರುವ ವಿಷಯ.

ಎಮಿಷನ್ ಟೆಸ್ಟ್ ಇದೆಯಲ್ಲ ಎಂದು ನೀವು ಕೇಳಬಹುದು. ಬಂಕಿನ ಪಕ್ಕದ ಆ ಪುಟ್ಟ ವ್ಯಾನು, ಪೈಪು, ಕಂಪ್ಯೂಟರು ಎಲ್ಲರಿಗೂ ಗೊತ್ತು. ಆದರೆ ಅಲ್ಲಿ ಪೆಟ್ರೋಲ್ ಗಾಡಿ ಪಾಸೋ ಫೇಲೋ ಎಂದು ತೀರ್ಮಾನ ಆಗುವುದು ನಿಂತಲ್ಲೇ ಇಂಜಿನ್ ಓಡುವಾಗ ಬರುವ ಕಾರ್ಬನ್ ಮೊನಾಕ್ಸೈಡ್ ಮತ್ತು ಹೈಡ್ರೋಕಾರ್ಬನ್ ಪ್ರಮಾಣದ ಮೇಲೆ. ಡೀಸೆಲ್ ಗಾಡಿ ಆದರೆ ಹೊಗೆ ಎಷ್ಟು ದಟ್ಟವಾಗಿದೆ ಎಂದು ನೋಡುತ್ತಾರೆ. ಇವು ಬೇಕಾದ ಪರೀಕ್ಷೆಗಳೇ, ನಮ್ಮ ಉಸಿರಿನ ವಿಷಯ ಅದು. ಆದರೆ ಹವಾಮಾನ ಕೆಡಿಸುವ ಕಾರ್ಬನ್ ಡೈಆಕ್ಸೈಡ್ ವರ್ಷಕ್ಕೆ ಎಷ್ಟು ಬಂತು ಎಂಬುದಕ್ಕೂ ಆ ಸರ್ಟಿಫಿಕೇಟಿಗೂ ಸಂಬಂಧವಿಲ್ಲ. ಟೆಸ್ಟ್ ಚೆನ್ನಾಗಿ ಪಾಸಾದ ಹೊಸ ಕಾರು ವರ್ಷಕ್ಕೆ 25,000 ಕಿ.ಮೀ. ಓಡಬಹುದು. ಫೇಲಾದ ಹಳೇ ಮೊಪೆಡ್ ಹಾಲು ತರಲು ಮಾತ್ರ ಹೊರಗೆ ಬರುತ್ತಿರಬಹುದು.

ಹಾಗಿದ್ದರೂ ನನ್ನ ಸಲಹೆ ಇರುವುದು ಅದೇ ಎಮಿಷನ್ ಟೆಸ್ಟ್ ಜಾಗದಲ್ಲಿ. ಹೊಗೆ ಮಿತಿಯ ಬಿಎಸ್-4, ಬಿಎಸ್-6 ಮಾನದಂಡದ ಗಾಡಿಗಳು ವರ್ಷಕ್ಕೊಮ್ಮೆ, ಅದಕ್ಕಿಂತ ಹಳೆಯವು ಆರು ತಿಂಗಳಿಗೊಮ್ಮೆ ಅಲ್ಲಿಗೆ ಬರಲೇಬೇಕು ಎಂದು ಕಾನೂನಿದೆ. ಗಾಡಿ ಮುಂದೆ ನಿಂತಿರುತ್ತದೆ, ನಂಬರ್ ಬರೆದುಕೊಳ್ಳುವ ಮನುಷ್ಯನೂ ಇರುತ್ತಾನೆ. ಮೀಟರಿನ ಕಿಲೋಮೀಟರ್ ರೀಡಿಂಗ್ ನೋಡಿ ಬರೆದುಕೊಳ್ಳಲು ಹತ್ತು ಸೆಕೆಂಡ್ ಸಾಕು. ಈ ವರ್ಷದ ರೀಡಿಂಗಿನಲ್ಲಿ ಹೋದ ವರ್ಷದ್ದನ್ನು ಕಳೆದರೆ ಆ ಗಾಡಿ ವರ್ಷಕ್ಕೆ ಎಷ್ಟು ಓಡಿತು ಎಂದು ಸಿಗುತ್ತದೆ.

ಇದು ನಾನು ಕನಸಿನಲ್ಲಿ ಕಂಡ ಉಪಾಯ ಅಲ್ಲ. ಬ್ರಿಟನ್ನಿನಲ್ಲಿ ಮೂರು ವರ್ಷ ದಾಟಿದ ಕಾರುಗಳಿಗೆ ಪ್ರತಿ ವರ್ಷ ಎಂಒಟಿ ಎಂಬ ತಪಾಸಣೆ ಇದೆ. ಅಲ್ಲಿ ಮೀಟರ್ ರೀಡಿಂಗ್ ಬರೆದುಕೊಳ್ಳುತ್ತಾರೆ. ನಂಬರ್ ಪ್ಲೇಟ್ ತೆಗೆದುಹಾಕಿ ಆ ಮಾಹಿತಿಯನ್ನು ಎಲ್ಲರಿಗೂ ಬಿಟ್ಟುಕೊಡುತ್ತಾರೆ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಬಾಸ್ಟನ್ ಸುತ್ತಲಿನ ಊರುಗಳ ಯೋಜನಾ ಮಂಡಳಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ವಾರ್ಷಿಕ ತಪಾಸಣೆಯ ಮೀಟರ್ ರೀಡಿಂಗ್ ಮತ್ತು ನೋಂದಣಿ ವಿವರ ಎರಡನ್ನೂ ಸೇರಿಸಿ ಅದು ವಾಹನ ಗಣತಿಯನ್ನೇ ಮಾಡಿತು. ಯಾವ ಪ್ರದೇಶದ ಗಾಡಿಗಳು ದಿನಕ್ಕೆ ಸರಾಸರಿ ಎಷ್ಟು ಓಡುತ್ತವೆ ಎಂದು ಸಣ್ಣ ಸಣ್ಣ ಊರುಗಳ ಆಡಳಿತಕ್ಕೂ ಗೊತ್ತಾಯಿತು. ರೈಲು ನಿಲ್ದಾಣದ ಹತ್ತಿರ ಇರುವವರು ಎಷ್ಟು ಓಡಿಸುತ್ತಾರೆ, ದೂರದ ಬಡಾವಣೆಯವರು ಎಷ್ಟು ಓಡಿಸುತ್ತಾರೆ ಎಂದು ನಕ್ಷೆಯ ಮೇಲೆ ಹೋಲಿಸಿ ನೋಡಲು ಸಾಧ್ಯವಾಯಿತು. ಸ್ವಂತವಾಗಿ ಸಮೀಕ್ಷೆ ಮಾಡಿಸಲು ದುಡ್ಡಿಲ್ಲದ ಪುಟ್ಟ ಊರಿಗೆ ಇದಕ್ಕಿಂತ ದೊಡ್ಡ ಸಹಾಯ ಏನಿದೆ?

ಎಮಿಷನ್ ಟೆಸ್ಟ್ ಕೇಂದ್ರಗಳು ಸಾರಿಗೆ ಇಲಾಖೆಯ ಕೆಳಗೆ ಬರುತ್ತವೆ. ಪಾಲಿಕೆಗೆ ಅಲ್ಲಿ ಅಧಿಕಾರ ಇಲ್ಲ. ಅದು ನನಗೂ ಗೊತ್ತು. ಅದಕ್ಕೆ ನೀವು ಸಾರಿಗೆ ಇಲಾಖೆಗೆ ಮತ್ತು ನಗರ ಭೂಸಾರಿಗೆ ನಿರ್ದೇಶನಾಲಯಕ್ಕೆ ಒಂದು ಪತ್ರ ಬರೆಯಬೇಕು. ಪ್ರತಿ ಟೆಸ್ಟಿನಲ್ಲಿ ರೀಡಿಂಗ್ ತಪ್ಪದೆ ದಾಖಲಾಗಲಿ, ವರ್ಷಕ್ಕೊಮ್ಮೆ ಪಿನ್‌ಕೋಡ್‌ವಾರು ಒಟ್ಟು ಲೆಕ್ಕ ಪಾಲಿಕೆಗೆ ಬರಲಿ ಎಂದು ಕೇಳಬೇಕು. ಯಾರ ಗಾಡಿ ಎಲ್ಲಿ ಓಡಿತು ಎಂಬುದು ಪಾಲಿಕೆಗೆ ಬೇಡವೇ ಬೇಡ. ಮಾಲೀಕರ ಹೆಸರು, ಫೋನ್ ನಂಬರ್, ಗಾಡಿ ನಂಬರ್ ಯಾವುದೂ ಬೇಡ. ಗಾಡಿಯ ಬಗೆ, ಇಂಧನ, ವಯಸ್ಸು, ಪಿನ್‌ಕೋಡ್, ಓಡಿದ ದೂರ, ಇಷ್ಟು ಸಾಕು. ನಮ್ಮ ಮೇಲೆ ಕಣ್ಣಿಡುತ್ತಾರೆ ಎಂಬ ಅನುಮಾನ ಜನರಿಗೆ ಬಂದರೆ ಇಡೀ ಕೆಲಸ ಕೆಟ್ಟುಹೋಗುತ್ತದೆ. ಆದ್ದರಿಂದ ಈ ಮಾತನ್ನು ಮೊದಲ ದಿನವೇ ಸ್ಪಷ್ಟವಾಗಿ ಹೇಳಿಬಿಡಬೇಕು.

ಇಲಾಖೆಯಿಂದ ಉತ್ತರ ಬರುವವರೆಗೆ ಸುಮ್ನೆ ಕೂರಬೇಕಿಲ್ಲ. ಒಂದೇ ಒಂದು ರೀಡಿಂಗಿನಿಂದಲೂ ಕೆಲಸ ಶುರು ಮಾಡಬಹುದು. ಗಾಡಿ ನೋಂದಣಿ ಆದ ವರ್ಷ ಗೊತ್ತಿದ್ದರೆ ಒಟ್ಟು ಕಿಲೋಮೀಟರನ್ನು ವಯಸ್ಸಿನಿಂದ ಭಾಗಿಸಿದರಾಯಿತು, ವರ್ಷದ ಸರಾಸರಿ ಸಿಗುತ್ತದೆ. ಮೈಸೂರಿನಲ್ಲಿ ಎನ್‌ಐಇ, ಎಸ್‌ಜೆಸಿಇ ಇಂಜಿನಿಯರಿಂಗ್ ಕಾಲೇಜುಗಳಿವೆ, ವಿಶ್ವವಿದ್ಯಾನಿಲಯ ಇದೆ. ವಿದ್ಯಾರ್ಥಿಗಳು ಎರಡು ವಾರ ಊರಿನ ಬೇರೆ ಬೇರೆ ಎಮಿಷನ್ ಟೆಸ್ಟ್ ಕೇಂದ್ರಗಳಲ್ಲಿ ನಿಂತು ಬಂದವರನ್ನು ಕೇಳಲಿ. ಸರಿಯಾಗಿ ಆರಿಸಿದ ಎರಡು ಸಾವಿರ ಗಾಡಿಗಳ ರೀಡಿಂಗ್ ಸಿಕ್ಕರೆ ಊರಿನ ಸರಾಸರಿ ಹೇಳಲು ಧಾರಾಳ ಸಾಕು. ಬಡಾವಣೆವಾರು ಹೇಳಲು ಸಾಲದು, ಅದಕ್ಕೆ ಮುಂದೆ ಇಲಾಖೆಯ ಮಾಹಿತಿಯೇ ಬೇಕು.

ತೊಡಕುಗಳೂ ಇವೆ. ಕೇಬಲ್ ಕಿತ್ತುಹೋಗಿ ಮೀಟರ್ ನಿಂತೇ ಹೋದ ಟಿವಿಎಸ್ ಎಕ್ಸೆಲ್‌ಗಳು ನಮ್ಮೂರಲ್ಲಿ ಬೇಕಾದಷ್ಟಿವೆ. ಅಂಥವರನ್ನು ವಾರಕ್ಕೆ ಎಷ್ಟು ರೂಪಾಯಿಯ ಪೆಟ್ರೋಲ್ ಹಾಕಿಸುತ್ತೀರಿ ಎಂದು ಕೇಳಬೇಕು. ಆ ಉತ್ತರ ಸಾಮಾನ್ಯವಾಗಿ ಎಲ್ಲರ ಬಾಯಲ್ಲೂ ರೆಡಿ ಇರುತ್ತದೆ. ಎಮಿಷನ್ ಟೆಸ್ಟಿಗೆ ಬಾರದೇ ಓಡಾಡುವ ಗಾಡಿಗಳೂ ಇವೆ. ಎಲೆಕ್ಟ್ರಿಕ್ ಗಾಡಿಗೆ ಈ ಟೆಸ್ಟ್ ಇಲ್ಲವೇ ಇಲ್ಲ, ಅವನ್ನು ಷೋರೂಮಿನ ಸರ್ವಿಸ್ ದಾಖಲೆಯಿಂದ ಹಿಡಿಯಬೇಕು. ನಿಜವಾಗಿ ರಸ್ತೆಯ ಮೇಲೆ ಎಷ್ಟು ಗಾಡಿ ಇವೆ ಎಂದು ತಿಳಿಯಲು ಚಾಲ್ತಿ ಇನ್ಶೂರೆನ್ಸ್ ಇರುವ ಗಾಡಿಗಳ ಸಂಖ್ಯೆಯನ್ನು ಕೂಡ ಜೊತೆಗಿಟ್ಟು ನೋಡಬೇಕು.

ಮೀಟರ್ ಯಾಕೆ, ಬಂಕುಗಳಲ್ಲಿ ಮಾರಾಟವಾದ ಪೆಟ್ರೋಲ್ ಕೂಡಿಸಿದರೆ ಆಗಲ್ವಾ ಎಂದು ಒಬ್ಬ ಸ್ನೇಹಿತರು ಕೇಳಿದರು. ಒಳ್ಳೆಯ ಪ್ರಶ್ನೆ. ನಗರಗಳ ಇಂಗಾಲದ ಲೆಕ್ಕಕ್ಕೆ 2014ರಲ್ಲಿ ವರ್ಲ್ಡ್ ರಿಸೋರ್ಸಸ್ ಇನ್‌ಸ್ಟಿಟ್ಯೂಟ್ ಎಂಬ ಸಂಶೋಧನಾ ಸಂಸ್ಥೆ ಮತ್ತು ಸಿ40, ಇಕ್ಲೇ ಎಂಬ ನಗರಗಳ ಒಕ್ಕೂಟಗಳು ಸೇರಿ ಒಂದು ನಿಯಮಾವಳಿ ತಂದವು. ಜಗತ್ತಿನ ಬಹಳ ನಗರಗಳು ಅದನ್ನೇ ಅನುಸರಿಸುತ್ತವೆ. ರಸ್ತೆ ಸಾರಿಗೆಗೆ ಅದು ನಾಲ್ಕು ದಾರಿ ಒಪ್ಪುತ್ತದೆ. ಮೊದಲನೆಯದೇ ಇಂಧನ ಮಾರಾಟ. ಅದು ಸುಲಭ, ತೈಲ ಕಂಪನಿಗಳ ಹತ್ತಿರ ಲೆಕ್ಕ ಸಿದ್ಧವಾಗಿರುತ್ತದೆ. ಆದರೆ ನಮ್ಮ ಊರಿನ ಬಂಕಿನಲ್ಲಿ ಹಾಕಿಸಿದ ಪೆಟ್ರೋಲ್ ನಮ್ಮ ಊರಿನಲ್ಲೇ ಸುಡುವುದಿಲ್ಲ. ಬೆಂಗಳೂರಿನಿಂದ ಊಟಿಗೆ, ಕೊಡಗಿಗೆ, ವಯನಾಡಿಗೆ ಹೋಗುವವರು ಇಲ್ಲಿ ಟ್ಯಾಂಕ್ ತುಂಬಿಸುತ್ತಾರೆ. ಕೇರಳದಲ್ಲಿ ಬೆಲೆ ಜಾಸ್ತಿ ಇರುವುದರಿಂದ ಅಲ್ಲಿಗೆ ವಾಪಸ್ ಹೋಗುವವರು ಕರ್ನಾಟಕದಲ್ಲೇ ಹಾಕಿಸಿಕೊಳ್ಳುತ್ತಾರೆ. ದಸರೆ ತಿಂಗಳಲ್ಲಂತೂ ಹೇಳುವುದೇ ಬೇಡ. ಪ್ರವಾಸಿಗಳ ಊರಿಗೆ ಈ ಲೆಕ್ಕ ಉಬ್ಬಿದ ಲೆಕ್ಕ ಆಗುತ್ತದೆ.

ಎರಡನೆಯ ದಾರಿ ಊರಿನ ಗಡಿಯೊಳಗಿನ ರಸ್ತೆಗಳ ಮೇಲೆ ಓಡುವ ಗಾಡಿಗಳನ್ನು ಎಣಿಸುವುದು. ಇದರಲ್ಲಿ ರಿಂಗ್ ರೋಡಿನಲ್ಲಿ ಹಾದು ಹೋಗುವವರೂ ಸೇರುತ್ತಾರೆ. ಮೂರನೆಯದು ಊರಿನಿಂದ ಹೊರಡುವ, ಊರಿಗೆ ಬರುವ ಪ್ರಯಾಣಗಳ ಹೊಗೆಯನ್ನು ಎರಡೂ ತುದಿಯ ಊರುಗಳಿಗೆ ಹಂಚಿ ಲೆಕ್ಕ ಹಾಕುವುದು. ಅದಕ್ಕೆ ದೊಡ್ಡ ಕಂಪ್ಯೂಟರ್ ಮಾದರಿ ಬೇಕು. ನಾಲ್ಕನೆಯದು ಊರಿನ ನಿವಾಸಿಗಳು ಎಷ್ಟು ಓಡಿಸುತ್ತಾರೆ ಎಂದು ನೋಡುವುದು. ನನ್ನ ಅಭಿಪ್ರಾಯದಲ್ಲಿ ಮೈಸೂರಿಗೆ ಹೊಂದುವುದು ಇದು. ನಮ್ಮವರು ಓಡಿಸುವುದನ್ನು ಬದಲಾಯಿಸಲು ನಮ್ಮ ಪಾಲಿಕೆ ಏನಾದರೂ ಮಾಡಬಹುದು. ಊಟಿಗೆ ಹೋಗುವ ಬೆಂಗಳೂರಿನವರ ಕಾರಿಗೆ ಏನು ಮಾಡಲು ಸಾಧ್ಯ? ಬಂಕಿನ ಲೆಕ್ಕ ಮತ್ತು ರಸ್ತೆ ಎಣಿಕೆಯನ್ನು ಪಕ್ಕದಲ್ಲಿ ಇಟ್ಟುಕೊಳ್ಳೋಣ, ತಾಳೆ ನೋಡಲು ಬೇಕಾಗುತ್ತದೆ.

ಇನ್ನು ಅಳೆದು ಏನು ಮಾಡುವುದು? ಈ ಮಾತು ಮುಖ್ಯ. ಸಂಖ್ಯೆ ಬಂದು ಕಪಾಟು ಸೇರಿದರೆ ಪ್ರಯೋಜನ ಇಲ್ಲ.

ಒಂದು ಕಿಲೋಮೀಟರಿಗೆ ಒಬ್ಬ ಮನುಷ್ಯನ ಪಾಲಿನ ಹೊಗೆ ಎಷ್ಟು ಎಂದು ನೋಡೋಣ. ಒಬ್ಬರೇ ಕೂತ ಪೆಟ್ರೋಲ್ ಕಾರು, ಸುಮಾರು 165 ಗ್ರಾಂ. ಒಬ್ಬರೇ ಇರುವ ಸ್ಕೂಟರ್, ಸುಮಾರು 50 ಗ್ರಾಂ. ಲೀಟರಿಗೆ ನಾಲ್ಕೂವರೆ ಕಿ.ಮೀ. ಓಡುವ ಡೀಸೆಲ್ ಬಸ್ಸಿನಲ್ಲಿ 40 ಜನ ಇದ್ದರೆ ತಲೆಗೆ ಸುಮಾರು 15 ಗ್ರಾಂ. ಅದೇ ಬಸ್ಸಿನಲ್ಲಿ ಹತ್ತೇ ಜನ ಇದ್ದರೆ ತಲೆಗೆ 60 ಗ್ರಾಂ ಆಗುತ್ತದೆ, ಸ್ಕೂಟರಿಗಿಂತ ಜಾಸ್ತಿ! ಹಾಗಂತ ಬಸ್ ಕಡಿಮೆ ಮಾಡಿ ಎಂದು ನಾನು ಹೇಳುತ್ತಿಲ್ಲ. ಬಸ್ ತುಂಬುವಂತೆ ಮಾಡುವುದು ಹೊಗೆ ಇಳಿಸುವ ಕೆಲಸದ ಅರ್ಧ ಭಾಗ ಎಂದು ಹೇಳುತ್ತಿದ್ದೇನೆ. ಮನೆಯಿಂದ ನಿಲ್ದಾಣದವರೆಗೆ ನಡೆಯಲು ಫುಟ್‌ಪಾತ್ ಇಲ್ಲದಿದ್ದರೆ ಬಸ್ ತುಂಬುವುದಿಲ್ಲ. ಆ ಫುಟ್‌ಪಾತ್ ಪಾಲಿಕೆಯದ್ದು. ನಿಲ್ದಾಣದಲ್ಲಿ ನೆರಳು, ದೀಪ ಇಲ್ಲದಿದ್ದರೆ ಸಂಜೆ ಏಳರ ನಂತರ ಹೆಂಗಸರು ಅಲ್ಲಿ ನಿಲ್ಲುವುದಿಲ್ಲ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಅವರಿಗೆ ಬಸ್ ಪ್ರಯಾಣ ಉಚಿತ. ಬಸ್ ಉಚಿತವಾದರೂ ಸ್ಕೂಟಿಯಲ್ಲೇ ಹೋಗುವವರು ಯಾವ ಬಡಾವಣೆಯವರು, ಯಾಕೆ? ಕಿಲೋಮೀಟರ್ ಲೆಕ್ಕ ಇದ್ದರೆ ಆ ಬಡಾವಣೆ ತಾನಾಗಿ ಎದ್ದು ಕಾಣುತ್ತದೆ.

ಎಲೆಕ್ಟ್ರಿಕ್ ಗಾಡಿಯಿಂದ ಎಲ್ಲ ಸರಿಹೋಗುತ್ತದೆ ಎಂಬ ನಂಬಿಕೆ ಈಗ ಬಲವಾಗಿದೆ. 2017ರಲ್ಲೇ ಎಲೆಕ್ಟ್ರಿಕ್ ವಾಹನ ನೀತಿ ತಂದ ರಾಜ್ಯ ನಮ್ಮದು, ಅದು ಹೆಮ್ಮೆಯ ವಿಷಯವೇ. ಆದರೆ ದೇಶದ ವಿದ್ಯುತ್ ಜಾಲದ ಸರಾಸರಿ ನೋಡಿದರೆ ಒಂದು ಯೂನಿಟ್ ಕರೆಂಟಿಗೆ ಇನ್ನೂ ಸುಮಾರು 0.7 ಕೆಜಿ ಕಾರ್ಬನ್ ಡೈಆಕ್ಸೈಡ್ ಇದೆ. ಆ ಲೆಕ್ಕದಲ್ಲಿ ಎಲೆಕ್ಟ್ರಿಕ್ ಸ್ಕೂಟರ್ ಕಿಲೋಮೀಟರಿಗೆ 20-25 ಗ್ರಾಂ, ತುಂಬ ಒಳ್ಳೆಯದು. ಎಲೆಕ್ಟ್ರಿಕ್ ಕಾರು ಸುಮಾರು 100 ಗ್ರಾಂ. ಪೆಟ್ರೋಲ್ ಕಾರಿಗಿಂತ ಖಂಡಿತ ಕಡಿಮೆ. ಆದರೆ ಒಬ್ಬರೇ ಕೂತು ಓಡಿಸುವ ಎಲೆಕ್ಟ್ರಿಕ್ ಕಾರು ಒಂದು ಪೆಟ್ರೋಲ್ ಸ್ಕೂಟರಿನ ಎರಡರಷ್ಟು. ಸ್ಕೂಟರಿನಿಂದ ಎಲೆಕ್ಟ್ರಿಕ್ ಕಾರಿಗೆ ಬದಲಾದ ಮನೆಯ ಪಾಲಿನ ಕಾರ್ಬನ್ ಡೈಆಕ್ಸೈಡ್ ಏರುತ್ತದೆ. ಇದನ್ನು ಗಾಡಿಗಳ ಸಂಖ್ಯೆ ಹೇಳುವುದಿಲ್ಲ.

ಶಾಲೆಗಳ ವಿಷಯಕ್ಕೆ ಬರುತ್ತೇನೆ. ಬೆಳಗ್ಗೆ ಎಂಟೂವರೆಗೆ ಯಾವುದಾದರೂ ದೊಡ್ಡ ಶಾಲೆಯ ಗೇಟಿನ ಮುಂದೆ ನಿಂತರೆ ಸಾಕು, ಮೈಸೂರಿನ ಗಾಡಿ ಸಮಸ್ಯೆ ಅರ್ಥವಾಗುತ್ತದೆ. ಶಾಲೆ ಮನೆಯಿಂದ ಮೂರು ಕಿ.ಮೀ. ಇದೆ ಎಂದುಕೊಳ್ಳಿ. ಮಗು ದಿನಕ್ಕೆ ಓಡಾಡುವುದು ಆರು ಕಿ.ಮೀ. ಬಿಡಲು, ಕರೆದುಕೊಂಡು ಬರಲು ಹೋಗುವ ಅಪ್ಪನೋ ಅಮ್ಮನೋ ಓಡಿಸುವುದು ಹನ್ನೆರಡು. ಬೆಳಗ್ಗೆ ಹೋಗಿ ವಾಪಸ್, ಮಧ್ಯಾಹ್ನ ಹೋಗಿ ವಾಪಸ್. ಅರ್ಧ ದೂರ ಹಿಂದಿನ ಸೀಟು ಖಾಲಿ. ವರ್ಷಕ್ಕೆ 220 ದಿನ ಶಾಲೆ ಎಂದರೆ ಬರೀ ಇದಕ್ಕೇ 2,600 ಕಿ.ಮೀ. ಆಯಿತು. ಸ್ಕೂಟರಾದರೂ ಸುಮಾರು 135 ಕೆಜಿ ಕಾರ್ಬನ್ ಡೈಆಕ್ಸೈಡ್, ಕಾರಾದರೆ ಅದರ ಮೂರು ಪಟ್ಟು. ಅಪ್ಪ ಅಮ್ಮಂದಿರ ಮೇಲೆ ನಾನು ತಪ್ಪು ಹೊರಿಸುವುದಿಲ್ಲ. ರಸ್ತೆ ದಾಟಿಸಲು ಹೆದರಿಕೆ ಆಗುವ ಊರಿನಲ್ಲಿ ಹತ್ತು ವರ್ಷದ ಮಗುವನ್ನು ಸೈಕಲ್ಲಿನಲ್ಲಿ ಕಳಿಸಿ ಎಂದು ಯಾರು ಹೇಳುತ್ತಾರೆ? ಸರಸ್ವತಿಪುರಂ, ಕುವೆಂಪುನಗರದ ರಸ್ತೆಗಳು ಅಗಲವಾಗಿವೆ, ಮರಗಳಿವೆ, ಏರು ಕಡಿಮೆ. ಸೈಕಲ್ಲಿಗೆ ಇಂಥ ಊರು ಸಿಗುವುದೇ ಅಪರೂಪ. ಹತ್ತು ಶಾಲೆ ಆರಿಸಿಕೊಳ್ಳಿ. ಗೇಟಿನ ಸುತ್ತ ಅರ್ಧ ಕಿಲೋಮೀಟರ್ ಫುಟ್‌ಪಾತ್ ಸರಿ ಮಾಡಿ, ದಾಟುವ ಕಡೆ ರಸ್ತೆ ಉಬ್ಬಿಸಿ, ಶಾಲೆ ಬಿಡುವ ಹೊತ್ತಿಗೆ ಗೇಟಿನ ಮುಂದಿನ ರಸ್ತೆಗೆ ಗಾಡಿ ಬಿಡಬೇಡಿ. ಮೊದಲು ಮತ್ತು ಒಂದು ವರ್ಷದ ನಂತರ ಮಕ್ಕಳ ಕೈ ಎತ್ತಿಸಿ ಎಣಿಸಿ: ನಡೆದು ಬಂದವರು ಎಷ್ಟು, ಸೈಕಲ್ ಎಷ್ಟು, ವ್ಯಾನ್ ಎಷ್ಟು, ಸ್ಕೂಟರ್ ಎಷ್ಟು, ಕಾರು ಎಷ್ಟು. ಇದಕ್ಕೆ ಕನ್ಸಲ್ಟೆಂಟ್ ಬೇಕಾಗಿಲ್ಲ. ಕ್ಲಾಸ್ ಟೀಚರ್ ಐದು ನಿಮಿಷದಲ್ಲಿ ಮಾಡಿಕೊಡುತ್ತಾರೆ.

2017ರಲ್ಲಿ ಟ್ರಿಣ್ ಟ್ರಿಣ್ ಎಂಬ ಬಾಡಿಗೆ ಸೈಕಲ್ ಯೋಜನೆ ಬಂದಾಗ ಊರಿಗೇ ಖುಷಿಯಾಗಿತ್ತು. 450 ಸೈಕಲ್, ಊರ ತುಂಬ ನಿಲ್ದಾಣ. ಎಷ್ಟು ಜನ ಸದಸ್ಯರಾದರು ಎಂದು ಆಗಾಗ ಓದುತ್ತಿದ್ದೆವು. ಆದರೆ ಅಂಥ ಯೋಜನೆಗೆ ಕೇಳಬೇಕಾದ ಪ್ರಶ್ನೆ ಬೇರೆ. ಸೈಕಲ್ ಹತ್ತಿದವರಲ್ಲಿ ಸ್ಕೂಟರ್ ಮನೆಯಲ್ಲಿ ಬಿಟ್ಟು ಬಂದವರು ಎಷ್ಟು? ಮೊದಲು ನಡೆಯುತ್ತಿದ್ದವರು ಎಷ್ಟು? ಸ್ಕೂಟರ್ ಬಿಟ್ಟು ಬಂದವರು ಮಾತ್ರ ಹೊಗೆ ಉಳಿಸಿದವರು. ಮುಂದೆ ಯಾವ ಯೋಜನೆ ತಂದರೂ ಈ ಪ್ರಶ್ನೆಯನ್ನು ಮೊದಲ ದಿನವೇ ಫಾರಮ್ಮಿನಲ್ಲಿ ಸೇರಿಸಿಬಿಡಿ.

ಅಭಿವೃದ್ಧಿ ಪ್ರಾಧಿಕಾರದವರಿಗೂ ಒಂದು ಮಾತು. ಸುಮಾರು 42 ಕಿ.ಮೀ. ರಿಂಗ್ ರೋಡಿನ ಆಚೆ ಬಡಾವಣೆಗಳು ಏಳುತ್ತಲೇ ಇವೆ. ಸೈಟ್ ಇದೆ, ರಸ್ತೆ ಇದೆ, ಬಸ್ ಇಲ್ಲ, ಕೊತ್ತಂಬರಿ ಸೊಪ್ಪಿಗೂ ಗಾಡಿ ತೆಗೆಯಬೇಕು. ಅಂಥ ಬಡಾವಣೆಗೆ ಮಂಜೂರಾತಿ ಕೊಡುವಾಗ ಅಲ್ಲಿಯ ಮನೆಗಳು ಮುಂದಿನ ಮೂವತ್ತು ವರ್ಷ ಓಡಿಸುವ ಕಿಲೋಮೀಟರಿಗೂ ಮಂಜೂರಾತಿ ಕೊಟ್ಟಂತೆ. ಕ್ಯಾಲಿಫೋರ್ನಿಯಾದಲ್ಲಿ 2013ರಲ್ಲಿ ಒಂದು ಕಾನೂನು ಬಂತು. ಅಲ್ಲಿಯವರೆಗೆ ಹೊಸ ಕಟ್ಟಡ, ಬಡಾವಣೆಗಳ ಪರಿಸರ ಪರಿಶೀಲನೆಯಲ್ಲಿ ಸಿಗ್ನಲ್ ಬಳಿ ಗಾಡಿ ಎಷ್ಟು ಹೊತ್ತು ನಿಲ್ಲಬೇಕಾಗುತ್ತದೆ ಎಂದು ನೋಡುತ್ತಿದ್ದರು. ಈಗ ಒಟ್ಟು ಎಷ್ಟು ಮೈಲಿ ಓಡಾಟ ಹೆಚ್ಚುತ್ತದೆ ಎಂದು ನೋಡುತ್ತಾರೆ. 2020ರ ಜುಲೈನಿಂದ ಇಡೀ ರಾಜ್ಯದಲ್ಲಿ ಇದು ಕಡ್ಡಾಯ. ಇದರಿಂದ ಉತ್ತರವೇ ತಿರುಗಿಬಿಡುತ್ತದೆ. ನಿಂತು ಕಾಯುವುದು ಸಮಸ್ಯೆ ಅಂದರೆ ರಸ್ತೆ ಅಗಲ ಮಾಡುತ್ತೀರಿ. ಓಡುವ ದೂರ ಸಮಸ್ಯೆ ಅಂದರೆ ಅಂಗಡಿ, ಶಾಲೆ, ಬಸ್ಸನ್ನು ಹತ್ತಿರ ತರುತ್ತೀರಿ. ನಮ್ಮಲ್ಲಿ ಕಾನೂನು ಬದಲಾಗುವವರೆಗೆ ಕಾಯಬೇಕಾಗಿಲ್ಲ. ಬಡಾವಣೆಯ ಕಡತದಲ್ಲಿ ಒಂದು ಸಾಲು ಸೇರಿಸಿ: ಹತ್ತಿರದ ಬಸ್ ನಿಲ್ದಾಣ, ದಿನಸಿ ಅಂಗಡಿ, ಶಾಲೆ ಎಷ್ಟು ದೂರ?

ಪಾರ್ಕಿಂಗ್ ಬಗ್ಗೆ ಬರೆದರೆ ವ್ಯಾಪಾರಿಗಳಿಗೆ ಕೋಪ ಬರಬಹುದು. ಆದರೂ ಬರೆಯುತ್ತೇನೆ. ದೇವರಾಜ ಅರಸು ರಸ್ತೆ, ಸಯ್ಯಾಜಿರಾವ್ ರಸ್ತೆಯಲ್ಲಿ ಇಡೀ ದಿನ ಬಿಟ್ಟಿಯಾಗಿ ಕಾರು ನಿಲ್ಲಿಸಿದರೆ ಬಸ್ಸಿನಲ್ಲಿ ಬರಲು ಕಾರಣವೇ ಇರುವುದಿಲ್ಲ. ಗಂಟೆಗೆ ಇಷ್ಟು ಎಂದು ಶುಲ್ಕ ಇಟ್ಟರೆ ವ್ಯಾಪಾರ ಹೋಗುತ್ತದೆ ಎಂಬ ಭಯ ಇದೆ. ಆ ಭಯವನ್ನೂ ಅಳೆದು ನೋಡಬಹುದು ಅಲ್ವಾ? ಅಂಗಡಿಗೆ ಬರುವವರಲ್ಲಿ ಕಾರಿನಲ್ಲಿ ಬರುವವರು ಎಷ್ಟು ಜನ, ನಡೆದು, ಬಸ್ಸಿನಲ್ಲಿ, ಆಟೋದಲ್ಲಿ ಬರುವವರು ಎಷ್ಟು ಜನ ಎಂದು ಒಂದು ಶನಿವಾರ ಬಾಗಿಲಲ್ಲಿ ನಿಂತು ಕೇಳಿ. ಉತ್ತರ ಏನೇ ಬರಲಿ, ಮಾತುಕತೆ ಗಟ್ಟಿ ನೆಲದ ಮೇಲೆ ನಡೆಯುತ್ತದೆ. ಶುಲ್ಕದ ಹಣ ಅದೇ ರಸ್ತೆಯ ಫುಟ್‌ಪಾತಿಗೆ ಹೋಗಬೇಕು, ಎಷ್ಟು ಬಂತು ಎಷ್ಟು ಖರ್ಚಾಯಿತು ಎಂಬ ಬೋರ್ಡ್ ಅಲ್ಲೇ ಇರಬೇಕು.

ಮೈಸೂರಿನ ಗಾಳಿ ಚೆನ್ನಾಗಿದೆ, ಇದೆಲ್ಲ ಬೆಂಗಳೂರಿಗೆ ಬೇಕಾದದ್ದು ಎನ್ನುವವರಿದ್ದಾರೆ. 2019ರಲ್ಲಿ ಕೇಂದ್ರ ಸರ್ಕಾರ ಗಾಳಿ ಕೆಟ್ಟಿರುವ ಊರುಗಳಿಗಾಗಿ ಶುದ್ಧ ಗಾಳಿ ಕಾರ್ಯಕ್ರಮ ಶುರು ಮಾಡಿದಾಗ ಕರ್ನಾಟಕದಿಂದ ಬೆಂಗಳೂರು, ಹುಬ್ಬಳ್ಳಿ-ಧಾರವಾಡ, ದಾವಣಗೆರೆ, ಕಲಬುರಗಿ ಅದರಲ್ಲಿ ಸೇರಿದವು. ಮೈಸೂರು ಸೇರಲಿಲ್ಲ. ಧೂಳು, ಹೊಗೆಯ ಮಟ್ಟಿಗೆ ಅದು ಸಂತೋಷದ ಸುದ್ದಿ. ಆದರೆ ಕಾರ್ಬನ್ ಡೈಆಕ್ಸೈಡ್ ಕಣ್ಣಿಗೆ ಕಾಣುವುದಿಲ್ಲ, ಮೂಗಿಗೆ ಬರುವುದಿಲ್ಲ. ಗಾಳಿ ತಿಳಿಯಾಗಿರುವ ಊರೂ ಅದನ್ನು ಬೇಕಾದಷ್ಟು ಬಿಡುತ್ತಿರಬಹುದು. ಬೆಂಗಳೂರು 2023ರ ನವೆಂಬರಿನಲ್ಲಿ 2050ರ ಗುರಿ ಇಟ್ಟುಕೊಂಡು ಹವಾಮಾನ ಕ್ರಿಯಾ ಯೋಜನೆ ಹೊರತಂದಿತು. ಅಲ್ಲಿ ಒಂದು ಕೋಟಿ ದಾಟಿದ ಗಾಡಿಗಳ ನಡುವೆ ಆ ಕೆಲಸ ಎಷ್ಟು ಕಷ್ಟ ಎಂದು ನೋಡುತ್ತಿದ್ದೇವೆ. ನಮ್ಮ ಊರು ಇನ್ನೂ ಆ ಹಂತಕ್ಕೆ ಹೋಗಿಲ್ಲ. ಈ ಕೊನೆಯಿಂದ ಆ ಕೊನೆಗೆ ಇನ್ನೂ ಸೈಕಲ್ಲಿನಲ್ಲಿ ಹೋಗಬಹುದು. ಈಗ ಶುರು ಮಾಡಿದರೆ ಕಡಿಮೆ ಖರ್ಚಿನಲ್ಲಿ ಆಗುತ್ತದೆ.

ಈ ಊರು ಮೊದಲೂ ಮುಂದಾಲೋಚನೆ ಮಾಡಿದ ಊರು. ಪ್ಲೇಗ್ ಕಾಟದ ಆಮೇಲೆ 1903ರಲ್ಲಿ ಇಲ್ಲಿ ನಗರ ಸುಧಾರಣಾ ಟ್ರಸ್ಟ್ ಬೋರ್ಡ್ ಬಂತು. ಕಸ ಸಾಗಿಸಲು ಮನೆಗಳ ಹಿಂದೆ ಬಿಟ್ಟ ಕನ್ಸರ್ವೆನ್ಸಿ ಗಲ್ಲಿಗಳು, ಅಗಲ ರಸ್ತೆಗಳು, ಉದ್ಯಾನಗಳು ಆ ಕಾಲದ ಯೋಚನೆಯ ಫಲ. ನಮ್ಮ ಕಾಲದಲ್ಲೂ ಕಸದ ವಿಷಯದಲ್ಲಿ ಪಾಲಿಕೆ ಹೆಸರು ಮಾಡಿತು. 2016ರ ಸ್ವಚ್ಛ ಸರ್ವೇಕ್ಷಣೆಯಲ್ಲಿ ದೇಶಕ್ಕೇ ಮೊದಲು ಬಂದೆವು. ದಿನಾ ಎಷ್ಟು ಟನ್ ಕಸ ಬಂತು, ಅದರಲ್ಲಿ ಹಸಿ ಎಷ್ಟು ಒಣ ಎಷ್ಟು ಎಂದು ತೂಗಿ ನೋಡುವ ಅಭ್ಯಾಸ ಇಲ್ಲದಿದ್ದರೆ ಆ ಕೆಲಸ ನಡೆಯುತ್ತಿರಲಿಲ್ಲ. ಗಾಡಿ ಹೊಗೆಯನ್ನೂ ಹಾಗೆಯೇ ತೂಗೋಣ ಎನ್ನುತ್ತಿದ್ದೇನೆ, ಅಷ್ಟೇ.

ನಾನು ಕೇಳುವ ಮೊದಲ ಹೆಜ್ಜೆಗೆ ದೊಡ್ಡ ಬಜೆಟ್ ಬೇಡ. ಪಾಲಿಕೆಯಲ್ಲಿ ಈ ಕೆಲಸಕ್ಕೆ ಒಬ್ಬ ಅಧಿಕಾರಿಯನ್ನು ಹೆಸರಿಸಿ. ಆರ್‌ಟಿಒ, ಕೆಎಸ್‌ಆರ್‌ಟಿಸಿ, ಸಂಚಾರ ಪೊಲೀಸ್, ಪ್ರಾಧಿಕಾರ, ಕಾಲೇಜುಗಳು, ಇವರನ್ನು ಒಂದು ಮೇಜಿಗೆ ಕರೆಯಿರಿ. ಪಾಲಿಕೆಯ ಸ್ವಂತ ಜೀಪು, ಕಾರು, ಲಾರಿಗಳ ಲಾಗ್‌ಬುಕ್ಕಿನಿಂದಲೇ ಲೆಕ್ಕ ಶುರು ಮಾಡಿ. ಆಯುಕ್ತರ ಕಾರೂ ಅದರಲ್ಲಿರಲಿ. ಆಮೇಲೆ ಊರಿನವರನ್ನು ಕೇಳಿದರೆ ಜನ ಖುಷಿಯಿಂದ ಮೀಟರ್ ತೋರಿಸುತ್ತಾರೆ. ಸಮೀಕ್ಷೆಯ ಪ್ರಶ್ನೆಗಳನ್ನು ಬರೆದುಕೊಡಲು, ವಿದ್ಯಾರ್ಥಿಗಳಿಗೆ ತರಬೇತಿ ಕೊಡಲು, ಬಂದ ರೀಡಿಂಗುಗಳನ್ನು ಲೆಕ್ಕ ಹಾಕಿಕೊಡಲು ನಾನು ಸಿದ್ಧ. ಸಂಬಳ, ಸಂಭಾವನೆ ಬೇಡ. ನನ್ನ ಹಾಗೆ ಸಮಯ ಕೊಡಲು ತಯಾರಿರುವ ಬೇರೆಯವರೂ ಈ ಊರಿನಲ್ಲಿದ್ದಾರೆ.

ಸಮೀಕ್ಷೆಗೆ ದಿನ ಗೊತ್ತು ಮಾಡುವಾಗ ಎರಡು ವಿಷಯ ಗಮನದಲ್ಲಿರಲಿ. ದಸರಾ ಹತ್ತಿರ ಬೇಡ, ಹೊರಗಿನ ಗಾಡಿಗಳು ಬಂದು ರಸ್ತೆಯ ಎಣಿಕೆ ಏರುಪೇರಾಗುತ್ತದೆ. ಏಪ್ರಿಲ್, ಮೇ ಬೇಡ, ಶಾಲೆಗೆ ರಜೆ ಇರುತ್ತದೆ. ಜುಲೈ ಅಥವಾ ಆಗಸ್ಟ್ ಸರಿಯಾದ ಸಮಯ. ಕಾಲೇಜುಗಳ ಜೊತೆ ಮಾತಾಡಲು ಅದಕ್ಕೆ ಎರಡು ತಿಂಗಳ ಮುಂಚೆಯೇ ಶುರು ಮಾಡಬೇಕಾಗುತ್ತದೆ.

ಇಂತಿ,
ಮೈಸೂರಿನ ಒಬ್ಬ ನಿವಾಸಿ